ಅತ್ತೆಯ ಕೈಗೆ ಎಟುಕುವಷ್ಟು

ಮೂಡಲಗಿ
೧೨ ಜನವರಿ ೨೦೨೫

ದಾಕ್ಷಾಯಿಣಿ ಅಕ್ಕನವರಿಗೆ ಸುಜಾತಾಳ ಶರಣು.

ಹನ್ನೊಂದು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಹೊಸ ಅಡುಗೆಮನೆಯ ಫೋಟೋ ಕಳಿಸಿದೆ, ನೀವು ನೋಡಿದ ಗುರುತು ಬಿತ್ತು, ಒಂದು ಮಾತು ಬರಲಿಲ್ಲ. ಇವರನ್ನು ಕೇಳಿದರೆ "ಅಣ್ಣ ಅರಾಮ ಅದಾನ, ವೈನಿನೂ ಅರಾಮ ಅದಾರ, ನೀ ಯಾಕ ತಲಿ ಕೆಡಿಸ್ಕೋತಿ" ಎಂದು ಅಂಗಡಿಗೆ ನಡೆದುಬಿಟ್ಟರು. ಅದಕ್ಕೇ ಪೋಸ್ಟಾಫೀಸಿಗೆ ಹೋಗಿ ಐದು ಪಾಕೀಟು ತಂದಿದ್ದೇನೆ. ಫೋನ್ ಎತ್ತದ ಹೆಂಗಸರು ಇರಬಹುದು, ಬಂದ ಪತ್ರ ಒಡೆಯದ ಹೆಂಗಸು ಇನ್ನೂ ಹುಟ್ಟಿಲ್ಲ.

ಕೆಲಸ ಮುಗಿಯಿತು ಅಕ್ಕಾ. ಗೋಕಾಕದ ಬಡಿಗೇರ ದುರ್ಗೇಶ ನಲವತ್ತು ದಿನ ಎಂದು ಹೇಳಿ ಎಪ್ಪತ್ತು ದಿನ ಮಾಡಿದ. ಆದರೆ ಮಾಡಿದ್ದನ್ನು ನೋಡಿದರೆ ಅವನಿಗೆ ಬೈದದ್ದೆಲ್ಲ ಮರೆತುಹೋಗುತ್ತದೆ. ಹಿಂದೆ ಹಗ್ಗ, ಗುದ್ದಲಿ, ಹಳೇ ಸೈಕಲ್ಲು ಬಿದ್ದಿದ್ದ ಕತ್ತಲೆ ಕೋಣೆ ಇತ್ತಲ್ಲ, ಅದರ ಗೋಡೆ ಒಡೆದು ಅಡುಗೆಮನೆಗೆ ಸೇರಿಸಿ ಉಗ್ರಾಣ ಮಾಡಿದ್ದೇವೆ. ಜೋಳ, ಗೋದಿಗೆ ಗಾಲಿ ಇರುವ ಪೆಟ್ಟಿಗೆ. ಬೇಳೆಕಾಳಿಗೆ ಗಾಜಿನ ಬರಣಿ. ಕಟ್ಟೆಯ ಕೆಳಗೆಲ್ಲ ಎಳೆದರೆ ಹೊರಬರುವ ಟ್ರಾಲಿ, ಬೆರಳಿನಿಂದ ನೂಕಿದರೆ ಸದ್ದಿಲ್ಲದೆ ತಾನೇ ಮುಚ್ಚಿಕೊಳ್ಳುತ್ತದೆ. ಬಾಗಿಲುಗಳಿಗೆ ಪಾರಿವಾಳದ ಬಣ್ಣ. ಒಣಗಿಸಿದ ಕಟಿರೊಟ್ಟಿಯ ಡಬ್ಬಿಗೇ ಒಂದು ಬೇರೆ ಗೂಡು ಮಾಡಿಸಿದ್ದೇನೆ.

ಈಗ ಒಂದು ವಿನಂತಿ. ಅತ್ತೆಯವರನ್ನು ಎಂಟು ದಿನ ಕಳಿಸಿಕೊಡಿ. ಯಾವುದು ಎಲ್ಲಿರಬೇಕು ಎಂದು ಅವರು ಹೇಳದೆ ಉಗ್ರಾಣಕ್ಕೆ ಕಳೆ ಬರುವುದಿಲ್ಲ. ಪೆಟ್ಟಿಗೆಗೆ ಮೊದಲ ಸೇರು ಜೋಳ ಅವರ ಕೈಯಿಂದಲೇ ಬೀಳಬೇಕು. ಇಪ್ಪತ್ತಾರು ವರ್ಷದಿಂದ ಅವರು ಹಿರಿಯ ಮಗನ ಮನೆಯಲ್ಲಿ, ನಿಮ್ಮ ಹತ್ತಿರವೇ ಇದ್ದಾರೆ. ನಾನು ಕಿರಿ ಸೊಸೆಯಾಗಿ ಹದಿನಾಲ್ಕು ವರ್ಷವಾಯಿತು, ಇಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಂತಿಲ್ಲ. ಎಂಟೇ ದಿನ ಅಕ್ಕಾ.

ನಿಮ್ಮ ನೆಗೆಣ್ಣಿ,
ಸುಜಾತಾ


ಹುಕ್ಕೇರಿ
೧೭ ಜನವರಿ ೨೦೨೫

ಸುಜಾತಾ,

ಆಶೀರ್ವಾದ ಇದ್ದೇ ಇದೆ, ಪ್ರತಿ ಸಲ ಬರೆಯಬೇಕಾಗಿಲ್ಲ.

ಫೋನ್ ಎತ್ತದಿದ್ದಕ್ಕೆ ಕಾರಣ ಏನೂ ಇಲ್ಲ. ಕೈ ಹಿಟ್ಟಾಗಿತ್ತು. ಹನ್ನೊಂದು ಸಲವೂ ಹಿಟ್ಟಾಗಿತ್ತು.

ಫೋಟೋ ನೋಡಿದೆ. ಚೆಂದ ಇದೆ. ಪಾರಿವಾಳದ ಬಣ್ಣ ಅರಿಶಿನದ ಕೈಗೆ ಎಷ್ಟು ದಿನ ತಡೆಯುತ್ತದೆ ಎಂಬುದನ್ನು ನೀನೇ ನೋಡಬೇಕು. ಗಾಜಿನ ಬರಣಿಯಲ್ಲಿ ಬೇಳೆ ಇಟ್ಟರೆ ಮನೆಯಲ್ಲಿ ಏನಿದೆ ಏನಿಲ್ಲ ಎಂದು ಬಂದವರಿಗೆಲ್ಲ ಕಾಣುತ್ತದೆ. ನಮ್ಮಲ್ಲಿ ಹಳೇ ಡಾಲ್ಡಾ ಡಬ್ಬಿಗಳು. ಒಳಗೇನಿದೆ ಎಂಬುದು ನನಗೆ ಮತ್ತು ಅತ್ತೆಗೆ ಮಾತ್ರ ಗೊತ್ತು. ಅವರು ಡಬ್ಬಿ ಅಲುಗಿಸಿ ಸದ್ದಿನ ಮೇಲೆಯೇ ತೊಗರಿ ಯಾವುದು, ಮಡಕಿಕಾಳು ಯಾವುದು ಎಂದು ಹೇಳುತ್ತಾರೆ.

ನನ್ನ ಅಡುಗೆಮನೆ ನಿನಗೆ ಗೊತ್ತೇ ಇದೆ. ಹೊಗೆ ಹಿಡಿದ ಜಂತಿ, ಮಾವನವರ ಕಾಲದ ಕಡಪಾ ಕಲ್ಲಿನ ಹಲಗೆ, ಒಲೆಯ ಬಾಜೂ ಗಿಡ್ಡ ರೊಟ್ಟಿಕಟ್ಟೆ. ಅದರ ಮುಂದೆ ಅತ್ತೆ ಮಣೆ ಹಾಕಿ ಕೂತು ರೊಟ್ಟಿ ಬಡಿಯಲು ಶುರು ಮಾಡಿದರೆ ನನಗೊಬ್ಬಳಿಗೆ ನಿಲ್ಲಲು ಜಾಗ ಉಳಿಯುತ್ತದೆ. ಮೂರನೆಯವರು ಬಂದರೆ ಬಾಗಿಲಲ್ಲೇ. ಇಷ್ಟರಲ್ಲೇ ಎರಡು ಮಕ್ಕಳನ್ನು ಬೆಳೆಸಿದೆ. ನನಗೇನೂ ಹೊಟ್ಟೆಕಿಚ್ಚಿಲ್ಲ. ಒಮ್ಮೆ ಬರೆದಿದ್ದೇನೆ, ಸಾಕು.

ಅತ್ತೆಯನ್ನು ಕಳಿಸುತ್ತೇನೆ. ಇಪ್ಪತ್ತೆರಡಕ್ಕೆ ಮೈದುನ ಅಭಿಷೇಕ ಕಾರು ತರಲಿ. ಗೋಕಾಕದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುವುದು ಅವರ ಮೊಣಕಾಲಿಗೆ ಆಗುವುದಿಲ್ಲ. ಮುಂಜಾನೆಯ ಚಹಾಕ್ಕೆ ಶುಂಠಿ ಬೇಕು, ಸಕ್ಕರೆ ಅರ್ಧ. ರೊಟ್ಟಿಯ ಜತೆ ಕೆನೆಮೊಸರು. ಹಾಕಲೇ ಎಂದು ಕೇಳಿದರೆ ಬೇಡ ಎನ್ನುತ್ತಾರೆ, ಕೇಳದೆ ಹಾಕಬೇಕು.

ಎಂಟು ದಿನ ಅಂದರೆ ಎಂಟೇ ದಿನ. ಫೆಬ್ರುವರಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಬರುತ್ತದೆ, ವರ್ಷದ ಖಾರ ಕುಟ್ಟಿಸಬೇಕು. ಮಸಾಲೆಯ ಹದ ಅವರಿಲ್ಲದೆ ಬರುವುದಿಲ್ಲ.

ದಾಕ್ಷಾಯಿಣಿ


ಮೂಡಲಗಿ
೩೧ ಜನವರಿ ೨೦೨೫

ಅಕ್ಕನವರಿಗೆ ಶರಣು.

ಎಂಟು ದಿನ ನಿನ್ನೆಗೇ ಮುಗಿಯಿತು. ಗೊತ್ತಿದೆ. ಪತ್ರವನ್ನು ಇಲ್ಲಿಗೇ ಮಡಿಚಿಡಬೇಡಿ, ಪೂರ್ತಿ ಓದಿ.

ಅತ್ತೆ ಬಂದ ದಿನವೇ ಸೆರಗು ಸಿಕ್ಕಿಸಿಕೊಂಡು ನಿಂತರು. ನಾನು ಜೋಡಿಸಿದ್ದೆಲ್ಲ ಇಳಿಸಿದರು. ನಿತ್ಯ ಬೇಕಾದ್ದು ಕೈಯಳತೆಯಲ್ಲಿ, ವಾರಕ್ಕೊಮ್ಮೆ ಬೇಕಾದ್ದು ಮೊಣಕಾಲಿನ ಮಟ್ಟಕ್ಕೆ, ಹಬ್ಬಕ್ಕೆ ಬೇಕಾದ್ದು ಮೂಲೆಗೆ. ನಾನು ಬರಣಿಗಳ ಮೇಲೆ ಹೆಸರು ಬರೆದು ಅಂಟಿಸಿದ್ದೆ. ಅವರು "ಹೆಸರ ಓದಿ ಅಡಗಿ ಮಾಡಾಕ ಇದೇನ ಸಾಲಿ ಏನು?" ಎಂದು ಸಕ್ಕರೆ ಎಂದು ಬರೆದ ಬರಣಿಗೆ ಶೇಂಗಾ ತುಂಬಿದರು. ಈಗ ಸಕ್ಕರೆ ಬೇಕೆಂದರೆ ನಾನು ಅವರನ್ನೇ ಕೇಳಬೇಕು. ಕೇಳುತ್ತೇನೆ.

ಬಾಜೂ ಮನೆಯ ರಾಜೇಶ್ವರಿಯವರು ನೋಡಲು ಬಂದಿದ್ದರು. ಅತ್ತೆ ಟ್ರಾಲಿಯನ್ನು ಇಪ್ಪತ್ತು ಸಲ ಎಳೆದು ತೋರಿಸಿದರು. "ನೋಡ್ರಿ, ಬಾ ಅಂದ್ರ ಬರತೈತಿ, ಹೋಗು ಅಂದ್ರ ಹೋಗತೈತಿ. ಎದುರ ಮಾತಿಲ್ಲ. ಸೊಸ್ಯಾರಕಿಂತ ಛಲೋ!" ಎಂದರು. ರಾಜೇಶ್ವರಿಯವರು ನಕ್ಕೂ ನಕ್ಕೂ ಸುಸ್ತಾಗಿ ಅತ್ತೆಗೆ "ಕಾಶೆವ್ವಾಯಿ, ಇಲ್ಲೇ ಇದ್ದಬಿಡ್ರಿ" ಎಂದರು.

ಇನ್ನು ಹದಿನೈದು ದಿನ ಇರಲಿ ಅಕ್ಕಾ. ನನಗೂ ಸ್ವಲ್ಪ ಸೊಂಟನೋವು. ಹೊಸ ಕಟ್ಟೆಗೆ ಬಗ್ಗಿ ಬಗ್ಗಿ ರೂಢಿಯಾಗಬೇಕು.

ಸುಜಾತಾ


ಹುಕ್ಕೇರಿ
೯ ಫೆಬ್ರುವರಿ ೨೦೨೫

ಸುಜಾತಾ,

ಪೂರ್ತಿ ಓದಿದೆ. ಎರಡು ಸಲ ಓದಿದೆ. ಸೊಸೆಯಂದಿರಿಗಿಂತ ಟ್ರಾಲಿ ಒಳ್ಳೆಯದು ಎಂಬ ಮಾತು ಯಾರ ಮೇಲೆ ಬಿತ್ತು ಎಂದು ನಿನಗೆ ಗೊತ್ತಾಗದೆ ಇರಬಹುದು, ನನಗೆ ಗೊತ್ತಾಯಿತು. ಎದುರು ಮಾತಾಡುವ ಸೊಸೆ ನಾನೊಬ್ಬಳೇ. ನೀನು ವರ್ಷಕ್ಕೆ ನಾಲ್ಕು ಸಲ ಬಂದು ಸೀರೆ ಕೊಟ್ಟು ಹೋಗುವವಳು, ನಿನಗೆ ಎದುರಾಡಲು ಹೊತ್ತೆಲ್ಲಿ ಸಿಗುತ್ತದೆ? ದಿನ ಬೆಳಗಾದರೆ ಒಂದೇ ಒಲೆಯ ಮುಂದೆ ಇರುವವರು ಜಗಳ ಆಡುತ್ತಾರೆ.

ಹದಿನೈದು ದಿನವೇ ಯಾಕೆ, ತಿಂಗಳು ಇರಲಿ. ಅಲ್ಲಿ ಚೆಂದವಿದೆ ಎಂದ ಮೇಲೆ ನಾನು ಕರೆಯುವುದಿಲ್ಲ. ಇವರು ಅಂಗಡಿಯಿಂದ ಹನ್ನೆರಡು ಕಿಲೋ ಮೆಣಸಿನಕಾಯಿ ತಂದು ಇಟ್ಟಿದ್ದಾರೆ. ಚೀಲ ಹಾಗೇ ಕೂತಿದೆ. ಅದೂ ಕಾಯಲಿ.

ಇನ್ನೊಂದು ವಿಷಯ. ನಾನೂ ಅಡುಗೆಮನೆ ಒಡೆಸುತ್ತಿದ್ದೇನೆ. ನಿನ್ನ ದುರ್ಗೇಶನಿಗೇ ಹೇಳಿ ಕಳಿಸಿದ್ದೇನೆ. ನಿನ್ನ ಟ್ರಾಲಿ ಹನ್ನೆರಡೇ? ನನ್ನವು ಹದಿನಾರು. ನಿನ್ನದು ಪಾರಿವಾಳದ ಬಣ್ಣವೇ? ನನ್ನದು ಬೆಣ್ಣೆ ಬಣ್ಣ. ಇವರು "ಈಗ್ಯಾಕ ಬೇಕಾಗಿತ್ತ ಇದು, ಇಪ್ಪತ್ತಾರು ವರ್ಷ ಸುಮ್ಮನಿದ್ದಾಕಿ" ಎಂದರು. ಇಪ್ಪತ್ತಾರು ವರ್ಷ ಸುಮ್ಮನಿದ್ದದ್ದೇ ತಪ್ಪಾಯಿತು ಎಂದೆ.

ಹೊಟ್ಟೆ ಉರಿಯುತ್ತದೆ ಎಂದು ನೀನು ತಿಳಿದುಕೊಂಡರೆ ತಿಳಿದುಕೋ. ನನ್ನ ಹೊಟ್ಟೆ, ನನ್ನ ಉರಿ.

ದಾಕ್ಷಾಯಿಣಿ


ಮೂಡಲಗಿ
೧೭ ಫೆಬ್ರುವರಿ ೨೦೨೫

ಅಕ್ಕನವರಿಗೆ ಶರಣು.

ನೀವೂ ಅಡುಗೆಮನೆ ಮಾಡಿಸುತ್ತಿರುವುದು ಕೇಳಿ ಸಂತೋಷವಾಯಿತು. ಬೆಣ್ಣೆ ಬಣ್ಣ ಒಳ್ಳೆಯದೇ.

ಅತ್ತೆ ಅರಾಮ ಇದ್ದಾರೆ. ನಿಮ್ಮ ಪತ್ರ ಬಂದಾಗ ಏನು ಬರೆದಿದ್ದಾರೆ ಎಂದು ಕೇಳಿದರು, ಎಲ್ಲ ಅರಾಮ ಎಂದು ಹೇಳಿದೆ. ಹೊಸ ಕಟ್ಟೆ ಅವರಿಗೆ ಬಹಳ ಹಿಡಿಸಿದೆ. ನಿಮಗೆ ತಿಳಿಸಬೇಕಾದ್ದು ಏನೂ ಇಲ್ಲವಂತೆ.

ಖಾರದ ಚಿಂತೆ ಮಾಡಬೇಡಿ. ನಿಮ್ಮ ಮನೆ ಒಡೆದು ಕೂತಿರುವಾಗ ಮೆಣಸಿನಕಾಯಿ ಎಲ್ಲಿ ಹರವುತ್ತೀರಿ, ಮಸಾಲೆ ಎಲ್ಲಿ ಹುರಿಯುತ್ತೀರಿ? ಈ ವರ್ಷದ ಖಾರ ಇಲ್ಲೇ ಕುಟ್ಟಿಸೋಣ ಎಂದಿದ್ದೇನೆ. ಉಗ್ರಾಣದಲ್ಲಿ ಬೇಕಾದಷ್ಟು ಜಾಗವಿದೆ. ನಿಮಗೆ ಎರಡು ಡಬ್ಬಿ ತುಂಬಿ ಕಳಿಸಿಕೊಡುತ್ತೇನೆ.

ಸುಜಾತಾ


ಹುಕ್ಕೇರಿ
೫ ಮಾರ್ಚ್ ೨೦೨೫

ಸುಜಾತಾ,

ಎರಡು ಡಬ್ಬಿ! ನನಗೆ! ಇಪ್ಪತ್ತಾರು ವರ್ಷ ಈ ಮನೆಯಿಂದ ನಿನಗೆ, ನಮ್ಮ ನಾದಿನಿಗೆ, ಬೀಗರಿಗೆ ಡಬ್ಬಿ ಹೋಗಿವೆ. ಈಗ ಡಬ್ಬಿ ಈ ಕಡೆ ಬರುತ್ತವೆ. ನಿನ್ನ ಪತ್ರವನ್ನು ಇವರಿಗೆ ತೋರಿಸಿದರೆ "ಛಲೋ ಆತಲ್ಲ, ನಿನ್ನ ತ್ರಾಸ ತಪ್ಪಿತು" ಎಂದರು. ಗಂಡಸರಿಗೆ ಇಂಥದ್ದನ್ನು ತೋರಿಸಬಾರದು.

ಇಲ್ಲಿ ಕೆಲಸ ಜೋರು ನಡೆದಿದೆ. ಕಡಪಾ ಹಲಗೆ ಕಿತ್ತರು. ಒಲೆ ಹೋಯಿತು, ಅದರ ಬಾಜೂ ರೊಟ್ಟಿಕಟ್ಟೆಯೂ ಹೋಯಿತು. ಕೆಳಗೆ ಕೂತು ಮಾಡುವ ಕಾಲ ಮುಗಿಯಿತು ಎಂದು ನಾನೇ ಮುಂದೆ ನಿಂತು ಒಡೆಸಿದೆ.

ಇಷ್ಟು ಬರೆದು ಮಧ್ಯಾಹ್ನ ಎದ್ದಿದ್ದೆ. ಈಗ ಸಂಜೆ. ಮೇಲಿನದನ್ನು ಹರಿದು ಹಾಕಬೇಕೆಂದೆ. ಹಾಕುವುದಿಲ್ಲ, ಇರಲಿ.

ದುರ್ಗೇಶ ನನ್ನ ಅಳತೆ ತೆಗೆದುಕೊಳ್ಳಲು ಬಂದ. ಅಡುಗೆ ಮಾಡುವವರ ಮೊಣಕೈ ನೋಡಿ ಕಟ್ಟೆಯ ಎತ್ತರ ಇಡಬೇಕಂತೆ. ಮಾತಿಗೆ ಮಾತು ಬಂದು ಅವನೇ ಹೇಳಿದ: "ಮೂಡಲಗಿ ಅಕ್ಕಾರು ನೋಡ್ರಿ, ಎಷ್ಟ ಎತ್ತರ ಅದಾರು. ಅವರಿಗೆ ಮೂವತ್ತಾರು ಇಂಚ್ ಕಟ್ಟಿ ಬೇಕು. ಇಪ್ಪತ್ತೆಂಟಕ್ಕ ಇಡಸ್ಯಾರ. ಮ್ಯಾಲಿನ ಕಪಾಟೂ ಹಂಗ, ಎಲ್ಲಾ ತೆಳಗ. ಬಗ್ಗಿ ಬಗ್ಗಿ ಸೊಂಟ ಹೋಗತೈತ್ರಿ ಅಂದ್ರ ಕೇಳಲಿಲ್ಲ. ನಮ್ಮ ಅತ್ತಿ ಕೈಗೆ ಎಟಕಬೇಕು ಅಂತ ನೂಲಿಗೆ ಗಂಟ ಹಾಕ್ಕೊಂಡ ಬಂದಿದ್ರು. ಆ ಗಂಟಿನ ಅಳತಿ ಮ್ಯಾಲೇ ಎಲ್ಲಾ ಮಾಡೇನಿ."

ನೂಲಿನ ಗಂಟು! ದೀಪಾವಳಿಗೆ ಬಂದಾಗ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳೆದುಕೊಂಡೆಯಾ? ಅವರು ಉಪ್ಪಿನ ಡಬ್ಬಿ ಇಳಿಸುವಾಗ "ಅತ್ತಿ, ಒಂದೀಟ ಹಂಗ ನಿಂದರ್ರಿ" ಎಂದದ್ದು ನೆನಪಿದೆ. ಜಂಪರಿನ ತೋಳು ನೋಡುತ್ತಿದ್ದೀಯ ಎಂದುಕೊಂಡಿದ್ದೆ. ನನ್ನ ಮನೆಯಲ್ಲಿ, ನನ್ನ ಕಣ್ಣೆದುರು!

ಎಂಟು ದಿನ ಎಂದು ಬರೆದಾಗಲೇ ಅವರನ್ನು ಇಟ್ಟುಕೊಳ್ಳುವ ವಿಚಾರ ಇತ್ತು. ಒಂದು ಅಡುಗೆಮನೆಯನ್ನೇ ಕಟ್ಟಿ ಅತ್ತೆಯನ್ನು ಕದ್ದೆ. ಹೌದೋ ಅಲ್ಲವೋ ಎಂಬುದಷ್ಟನ್ನೇ ಬರೆ. ಶರಣು ಗಿರಣು ಬೇಡ.

ದಾಕ್ಷಾಯಿಣಿ


ಮೂಡಲಗಿ
೧೭ ಮಾರ್ಚ್ ೨೦೨೫

ಅಕ್ಕಾ,

ಹೌದು.

ಅಷ್ಟನ್ನೇ ಬರೆದು ಹಾಕಬೇಕೆಂದು ಎಂಟು ದಿನ ಇಟ್ಟುಕೊಂಡಿದ್ದೆ, ಆಗಲಿಲ್ಲ.

ನಾನು ಒಂಬತ್ತು ವರ್ಷದವಳಿದ್ದಾಗ ನಮ್ಮವ್ವ ಹೋದಳು. ಗೋಕಾಕ ಫಾಲ್ಸಿನಲ್ಲಿ ಕಾಕಾನ ಮನೆಯಲ್ಲಿ ಬೆಳೆದೆ. ಅಲ್ಲಿ ಪಾತ್ರೆ ತಿಕ್ಕಲು ಕರೆಯುತ್ತಿದ್ದರು, ಒಲೆಯ ಮುಂದೆ ಕೂಡಿಸಿಕೊಂಡು ಹೀಗಲ್ಲ ಹಾಗೆ ಎಂದು ಹೇಳಿಕೊಟ್ಟವರಿಲ್ಲ. ಮದುವೆಯಾಗಿ ಬಂದಾಗ ಅತ್ತೆ ಸಿಕ್ಕರು ಎಂದು ಹಿಗ್ಗಿದೆ. ಆದರೆ ಅತ್ತೆಯ ಬಾಜೂ ನೀವಿದ್ದಿರಿ. ನೀವು ಕೈ ಚಾಚಿದರೆ ಅವರು ಇಕ್ಕಳ ಕೊಡುತ್ತಿದ್ದರು. ಅವರು ತಲೆ ಎತ್ತಿದರೆ ನೀವು ನೀರಿನ ತಂಬಿಗೆ ಸರಿಸುತ್ತಿದ್ದಿರಿ. ಜಗಳ ಆಡುವಾಗಲೂ ನಿಮ್ಮ ನಾಲ್ಕು ಕೈ ನಿಲ್ಲುತ್ತಿರಲಿಲ್ಲ. ಮೂರನೆಯವರು ಬಂದರೆ ಬಾಗಿಲಲ್ಲೇ ಎಂದು ನೀವು ಬರೆದಿದ್ದಿರಿ. ಹದಿನಾಲ್ಕು ವರ್ಷ ಆ ಬಾಗಿಲಲ್ಲಿ ನಿಂತವಳು ನಾನೇ ಅಕ್ಕಾ. ನಿಮ್ಮ ಹೊಟ್ಟೆಕಿಚ್ಚು ಈ ಜನವರಿಯದು. ನನ್ನದಕ್ಕೆ ಹದಿನಾಲ್ಕು ವರ್ಷ.

ಇಲ್ಲಿಗೆ ಬಂದು ಇರಿ ಎಂದು ಕರೆದಾಗಲೆಲ್ಲ ಅತ್ತೆ "ನಿಮ್ಮಲ್ಲಿ ನನಗ ಒಂದೂ ಎಟಕಂಗಿಲ್ಲ, ಏನೂ ಕೈಗೆ ಸಿಗಂಗಿಲ್ಲ" ಎನ್ನುತ್ತಿದ್ದರು. ಎಲ್ಲ ಎಟುಕುವ ಹಾಗೆ ಮಾಡಿದರೆ ಇರುತ್ತಾರೆ ಎಂದುಕೊಂಡೆ. ಅದಕ್ಕೇ ಗೋಡೆ ಒಡೆಸಿದ್ದು, ಅದಕ್ಕೇ ನೂಲು.

ಎಲ್ಲ ಎಟುಕುತ್ತದೆ. ಆದರೂ ಬಾಯಿ ಬಿಟ್ಟರೆ ದಾಕ್ಷಿ. "ದಾಕ್ಷಿ ಬ್ಯಾಳಿಗೆ ಒಗ್ಗರಣಿ ಕಡೀಕ ಹಾಕ್ತಾಳ." "ದಾಕ್ಷಿ ಇದ್ದಿದ್ರ ಈಗ ಬೈತಿದ್ಲು." ನಾನು ಬೈಯುವುದಿಲ್ಲ, ಅದೂ ಅವರಿಗೆ ರುಚಿಸುವುದಿಲ್ಲ. ಕಟ್ಟೆ ಹಿಡಿಸಿದೆ ಎಂದು ಬರೆದದ್ದು ಸುಳ್ಳು. ನಿಂತು ರೊಟ್ಟಿ ಬಡಿದರೆ ಅವರಿಗೆ ರಟ್ಟೆ ನೋಯುತ್ತದೆ. ಉಗ್ರಾಣದ ನೆಲದ ಮೇಲೆ ಮಣೆ ಹಾಕಿ ಕೂತು ಬಡಿಯುತ್ತಾರೆ, ಬೇಯಿಸಲು ನನಗೆ ಕೊಡುತ್ತಾರೆ.

ಇನ್ನೊಂದು ಸುಳ್ಳು ಇದಕ್ಕಿಂತ ದೊಡ್ಡದು. ನಿಮಗೆ ತಿಳಿಸಬೇಕಾದ್ದು ಏನೂ ಇಲ್ಲವಂತೆ ಎಂದು ಬರೆದಿದ್ದೆ. ಅವತ್ತೇ ಅವರು "ಖಾರ ಕುಟ್ಟಸಾಕ ನಾ ಬರಲೇನು ಅಂತ ದಾಕ್ಷಿನ್ನ ಕೇಳಿ ಬರಿ" ಎಂದಿದ್ದರು. ಬರೆಯಲಿಲ್ಲ. ಮೂರು ಸಲ ಕೇಳಿದರು. ಮೂರು ಸಲವೂ ಬರೆದಿದ್ದೇನೆ, ಉತ್ತರ ಬಂದಿಲ್ಲ ಎಂದೆ. ಆಮೇಲೆ ಕೇಳುವುದನ್ನು ಬಿಟ್ಟರು. ಭಾವನವರು ಫೋನ್ ಮಾಡಿದರೆ "ಅರಾಮ ಅದೇನಿ" ಎಂದಷ್ಟೇ ಹೇಳಿ ಇಡುತ್ತಾರೆ. ಹೋದ ವಾರ ಮೊಸರನ್ನು ಮುಟ್ಟದೆ ಸರಿಸಿ "ಅಕಿ ಅವತ್ತ ಅಂದದ್ದು ಖರೇನ ಇತ್ತು" ಎಂದರು. ಏನಂದಿದ್ದಿರಿ ಅಕ್ಕಾ? ಕೇಳಿದರೆ ಹೇಳುವುದಿಲ್ಲ. ನಿಮ್ಮ ಉತ್ತರ ಬಂದಿಲ್ಲ ಎಂಬುದಕ್ಕಷ್ಟೇ ಅವರು ಇಷ್ಟು ನೊಂದಿಲ್ಲ, ಅದಕ್ಕೂ ಹಿಂದೆ ಏನೋ ಇದೆ.

ಖಾರ ಇಲ್ಲಿಯೂ ಕುಟ್ಟಿಸಿಲ್ಲ. ಅವರು ಕೈ ಹಚ್ಚಲಿಲ್ಲ.

ಸುಜಾತಾ


ಹುಕ್ಕೇರಿ
೨೧ ಮಾರ್ಚ್ ೨೦೨೫

ಸುಜಾತಾ,

ನಿನಗೆ ಬೈಯಬೇಕೆಂದು ಕೂತೆ. ಅರ್ಧ ಹಾಳೆ ಬೈದೂ ಬೈದೆ. ಆಮೇಲೆ ನೀನು ಕೇಳಿದ ಪ್ರಶ್ನೆಗೆ ಬಂದು ಕೈ ನಿಂತಿತು. ಬೈದ ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಅಭಿಷೇಕ ಕಾರು ತಂದ ದಿನ ಅತ್ತೆ ಬಾಗಿಲು ದಾಟಿ ಮತ್ತೆ ತಿರುಗಿ ಬಂದು "ಎಂಟ ದಿನಕ್ಕ ಕಾಶಿನಾಥನ್ನ ಕಳಸ್ತಿ ಹೌದಲ್ಲ?" ಎಂದು ಇವರ ಹೆಸರು ಹಿಡಿದು ಕೇಳಿದರು. ಮುಂಜಾನೆಯಿಂದ ಅವರು ನಿನ್ನ ಉಗ್ರಾಣದ ಮಾತೇ ಆಡಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಅಲ್ಲೇ ಇದ್ದಬಿಡ್ರಿ. ಗಾಜಿನ ಬರಣಿ ಅದಾವು, ಗಾಲಿ ಪೆಟಗಿ ಅದಾವು. ನನ್ನ ಹೊಗಿ ಕೋಣ್ಯಾಗ ನಿಮ್ಮದೇನೈತಿ?" ಎಂದೆ. ನಾನು ಒಳಗೆ ಬಂದುಬಿಟ್ಟೆ. ಕಾರು ಹೋದ ಸದ್ದು ಕೇಳಿತು. ಅವತ್ತಿನಿಂದ ಯಾರಿಗೂ ಹೇಳಿಲ್ಲ. ಅವರೇ ಬರುತ್ತೇನೆ ಎನ್ನಲಿ ಎಂದು ಕಾದೆ. ಅವರು ಕೇಳಿದ್ದೂ ನನಗೆ ಮುಟ್ಟಲಿಲ್ಲ.

ನಾಲ್ಕು ಆಳು ಹಚ್ಚಿಸಿ ಮಾಡಿಸಿದ್ದಕ್ಕೆ ಹೊಸ ಅಡುಗೆಮನೆ ಇಷ್ಟು ಬೇಗ ಮುಗಿದಿದೆ. ದುರ್ಗೇಶ ಅಳತೆ ತೆಗೆಯುವಾಗ "ಹಿರ್ಯಾರ ಅಳತಿ ಬ್ಯಾಡೇನ್ರಿ?" ಎಂದು ಕೇಳಿದ. ನೂಲಿನ ಸಂಗತಿ ಹೇಳಿದ ಮೇಲೆಯೇ ಕೇಳಿದ. ಸಿಟ್ಟಿನಲ್ಲಿ ಬೇಡ ಎಂದೆ. ಈಗ ಕಟ್ಟೆ ಮೂವತ್ನಾಲ್ಕು ಇಂಚು, ಕಪಾಟು ಅದಕ್ಕೂ ಎರಡು ಅಡಿ ಮೇಲೆ. ಉಪ್ಪು ನನ್ನ ಕೈ ಅಳತೆಗೆ ಇದೆ. ಅವರಿಗೆ ಒಂದೂ ಎಟುಕುವುದಿಲ್ಲ. ಹದಿನಾರು ಟ್ರಾಲಿ ಎಳೆದು ನೋಡಿದೆ, ಅವರು ಕೂಡುವ ಜಾಗ ಎಲ್ಲಿಯೂ ಇಲ್ಲ.

ಇಪ್ಪತ್ತಾರು ವರ್ಷ ಅವರ ಬಾಜೂ ನಿಂತವಳಿಗೆ ಅವರ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಮನಸ್ಸಿಗೆ ಬರಲಿಲ್ಲ. ಬಾಗಿಲಲ್ಲಿ ನಿಂತವಳು ಅದನ್ನು ನೂಲಿಗೆ ಕಟ್ಟಿಕೊಂಡು ಹೋದಳು. ನಿನ್ನ ಬರಣಿ, ಬಣ್ಣ, ಟ್ರಾಲಿ ಕಂಡು ಉರಿದದ್ದು ಏನೂ ಅಲ್ಲ. ಇದಕ್ಕೆ ನನಗೆ ನಿನ್ನ ಮೇಲೆ ನಿಜವಾದ ಹೊಟ್ಟೆಕಿಚ್ಚು ಬಂದಿದೆ, ಸುಜಾತಾ. ಅದು ಹೋಗುವ ಹಾಗೆ ಕಾಣುವುದಿಲ್ಲ.

ಇನ್ನು ಕೆಳಗಿನದು ನಿನಗಲ್ಲ. ಅವರ ಮುಂದೆ ಗಟ್ಟಿಯಾಗಿ ಓದು. ಒಂದು ಅಕ್ಷರ ಬಿಡಬೇಡ, ನಿನ್ನದು ಸೇರಿಸಬೇಡ.

ಅತ್ತಿ, ನಾ ಅವತ್ತ ಅಂದದ್ದು ಹೊಟ್ಟಿಕಿಚ್ಚಿಗೆ ಅಂದೇನ್ರಿ. ತಪ್ಪಾತು. ನಿಮ್ಮ ರೊಟ್ಟಿಕಟ್ಟಿ ಒಡಸೇನಿ, ಅದನ್ನ ನೀವ ಬಂದು ನೋಡೂದಕಿಂತ ಮೊದಲ ನಾನ ಹೇಳತೇನಿ. ಹೊಸಾ ಅಡಗಿಮನ್ಯಾಗ ನಿಮಗ ಏನೂ ಎಟಕಂಗಿಲ್ಲ. ನೀವು ಕೂತಲ್ಲಿಂದ ಹೇಳ್ರಿ, ನಾ ಇಳಿಸಿ ಕೊಡತೇನಿ. ನೀವ ಬೇಕ್ರಿ ನನಗ. ಇಪ್ಪತ್ತಾರು ವರ್ಷದಾಗ ಒಮ್ಮಿನೂ ಅಂದಿಲ್ಲ, ಈಗ ಅಂದೇನಿ. ಮನಿಗಿ ಬರ್ರಿ.

ದಾಕ್ಷಾಯಿಣಿ


ಮೂಡಲಗಿ
೨೬ ಮಾರ್ಚ್ ೨೦೨೫

ಅಕ್ಕಾ,

ನಿಮ್ಮ ಪತ್ರ ಇಪ್ಪತ್ನಾಲ್ಕಕ್ಕೇ ಬಂತು. ಒಂದು ದಿನ ಮುಚ್ಚಿಟ್ಟೆ. ನಿಜ ಹೇಳುತ್ತೇನೆ, ಕೆಳಗಿನ ಭಾಗ ಹರಿದು ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಯೋಚಿಸಿದೆ. ನಿನ್ನೆ ಮಧ್ಯಾಹ್ನ ಓದಿದೆ. ಒಂದು ಅಕ್ಷರ ಬಿಡಲಿಲ್ಲ.

ಅತ್ತೆ ಕಾಳು ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಇನ್ನೊಮ್ಮೆ ಓದು" ಎಂದರು. ಓದಿದೆ. ಮೂರನೆಯ ಸಲಕ್ಕೆ "ಕಡೀದಷ್ಟ ಓದು" ಎಂದರು. ಆಮೇಲೆ ಮೊರ ಬದಿಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡು ರೊಟ್ಟಿಕಟ್ಟೆ ಒಡೆದದ್ದಕ್ಕೆ ನಿಮಗೆ ಬೈಯಲು ಶುರು ಮಾಡಿದರು. ಸಂಜೆಯವರೆಗೂ ಬೈದರು. ಎರಡು ತಿಂಗಳಲ್ಲಿ ಅವರ ಮುಖ ಅಷ್ಟು ಗೆಲುವಾಗಿದ್ದನ್ನು ನಾನು ಕಂಡಿರಲಿಲ್ಲ.

ನಾನು ಮೂರು ಸಲ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು ಮೊರ ಮತ್ತೆ ಮುಂದಕ್ಕೆ ಎಳೆದುಕೊಂಡರು. "ಇರು ಅಂದಿದ್ರ ಇರತಿದ್ದೆ, ಕಟ್ಟಿ ಹಾಕೂದ ಯಾಕ ಬೇಕಾಗಿತ್ತು" ಎಂದರು. ಅಷ್ಟೇ. ದಸರೆಗೆ ಮತ್ತೆ ಬರುತ್ತಾರಂತೆ. ಎಷ್ಟು ದಿನಕ್ಕೆ ಎಂದು ನಾನು ಕೇಳಲಿಲ್ಲ.

ಭಾವನವರನ್ನು ಕಳಿಸಬೇಡಿ. "ಕಾಶಿನಾಥ ಬ್ಯಾಡ, ಹೋಗು ಅಂದಾಕಿನ ಬರಲಿ" ಎಂದಿದ್ದಾರೆ. ಯುಗಾದಿ ಭಾನುವಾರ. ನೀವು ಶುಕ್ರವಾರ ಬನ್ನಿ. ಅಂಚೆಗೆ ಹಾಕಿದರೆ ಇದು ನಿಮಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ. ಇವರು ನಾಳೆ ನಿಮ್ಮೂರ ಹತ್ತಿರದ ಹತ್ತರಗಿಗೆ ಹೋಗುವವರಿದ್ದಾರೆ, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಅತ್ತೆ ಈಗಾಗಲೇ ಚೀಲ ಕಟ್ಟಿ ಪಡಸಾಲೆಯಲ್ಲಿ ಇಟ್ಟಿದ್ದಾರೆ.

ನೀವು ಬರುವ ಹೊತ್ತಿಗೆ ನಾನು ಮನೆಯಲ್ಲಿರುವುದಿಲ್ಲ. ಗೋಕಾಕದಲ್ಲಿ ಕೆಲಸವಿದೆ ಎಂದು ಅತ್ತೆಗೆ ಹೇಳಿದ್ದೇನೆ. ಕೆಲಸ ಏನೂ ಇಲ್ಲ. ನನಗಾಗಿ ಕಾಯದೆ ಅವರನ್ನು ಕರೆದುಕೊಂಡು ಹೊರಟುಬಿಡಿ. ನೀವು ಬಾಗಿಲಲ್ಲಿ ಬಂದು ನಿಂತಾಗ ಅವರ ಮುಖ ಹೇಗಾಗುತ್ತದೆ ಎಂಬುದನ್ನು ನಾನು ನೋಡಲಾರೆ.

ಸುಜಾತಾ